ಬಿರುಕಿಗೂ ಲೆಕ್ಕವಿದೆ

"ಬಂಡೆ ಸಿಡಿಸಿದ ಮೇಲೆ ನೆಲ ಅದುರದೇ ಇರುತ್ತದೆಯೇ?"

ಈ ಮಾತನ್ನು ನಾನು ಮೂರು ಬಗೆಯ ಜನರ ಬಾಯಲ್ಲಿ ಕೇಳಿದ್ದೇನೆ. ಕ್ವಾರಿ ನಡೆಸುವವರು ಸಮಜಾಯಿಷಿಯಾಗಿ ಹೇಳುತ್ತಾರೆ. ಅಧಿಕಾರಿಗಳು ಕಡತ ಮುಚ್ಚುವಾಗ ಹೇಳುತ್ತಾರೆ. ನಮ್ಮ ಸಾಹಿತ್ಯದ ಗೆಳೆಯರು ಇದನ್ನೇ ಒಂದು ನಿಟ್ಟುಸಿರಿನ ಜೊತೆಗೆ, ಪ್ರಕೃತಿಯ ಮೇಲೆ ಮನುಷ್ಯ ಎಸಗುವ ಹಿಂಸೆ ಎಂಬ ಮಾತನ್ನೂ ಸೇರಿಸಿ ಹೇಳುತ್ತಾರೆ. ಮೂವರ ಉದ್ದೇಶ ಬೇರೆ ಬೇರೆ, ನಂಬಿಕೆ ಮಾತ್ರ ಒಂದೇ. ಸಿಡಿಮದ್ದು ಹದ್ದುಬಸ್ತಿಗೆ ಸಿಗದ ಶಕ್ತಿ. ಒಮ್ಮೆ ಕಿಡಿ ತಾಕಿದರೆ ಬಂಡೆ ಎಲ್ಲಿ ಒಡೆಯುತ್ತದೆ, ಬಿರುಕು ಎಷ್ಟು ದೂರ ಓಡುತ್ತದೆ, ಯಾರ ಮನೆಯ ಗೋಡೆ ಸೀಳುತ್ತದೆ ಎಂಬುದೆಲ್ಲ ದೈವಚಿತ್ತ.

ಈ ನಂಬಿಕೆ ಸುಳ್ಳು. ಬಂಡೆ ಹೇಗೆ ಒಡೆಯುತ್ತದೆ ಎಂಬುದರ ಮೇಲೆಯೇ ಪಿಎಚ್‌ಡಿಗಾಗಿ ಕೆಲಸ ಮಾಡುತ್ತಿರುವ ನಾನು ಇದನ್ನು ಸ್ವಲ್ಪ ಜೋರಾಗಿಯೇ ಹೇಳಬೇಕಾಗಿದೆ. ಬಿರುಕು ಎಲ್ಲಿ ಹುಟ್ಟಬೇಕು, ಯಾವ ದಿಕ್ಕಿಗೆ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ವಿದ್ಯೆ ಅರವತ್ತು ವರ್ಷಗಳಿಗೂ ಹಿಂದಿನಿಂದ ನಮ್ಮ ಕೈಯಲ್ಲಿದೆ. ಆದ್ದರಿಂದ ಊರಿನ ಗೋಡೆಯಲ್ಲಿ ಸಿಡಿತದಿಂದ ಬಿರುಕು ಬಿಟ್ಟರೆ, ಅದರ ಹಿಂದೆ ಯಾರೋ ಒಬ್ಬರು ಮಾಡಿದ ತೀರ್ಮಾನವಿರುತ್ತದೆ. ತೀರ್ಮಾನ ಇದ್ದಲ್ಲಿ ಹೊಣೆಯೂ ಇರಬೇಕು. ನನ್ನ ತಕರಾರು ಇಷ್ಟೇ.

ಮೊದಲು ಬಂಡೆಯ ಸ್ವಭಾವ ನೋಡೋಣ. ನಮ್ಮ ಗ್ರಾನೈಟನ್ನು ಎರಡೂ ಕಡೆಯಿಂದ ಅದುಮಿ ಪುಡಿ ಮಾಡುವುದು ಬಹಳ ಕಷ್ಟ. ಅದನ್ನೇ ಎರಡೂ ಕಡೆಗೆ ಎಳೆದು ಸೀಳುವುದಕ್ಕೆ ಸುಮಾರು ಹತ್ತನೇ ಒಂದು ಪಾಲು ಬಲ ಸಾಕು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಅದುಮಿದರೆ ಜಗ್ಗದು, ಎಳೆದರೆ ತಾಳದು. ಬಂಡೆ ಒಡೆಯುವ ಎಲ್ಲ ವಿದ್ಯೆಯೂ ಈ ಒಂದು ದೌರ್ಬಲ್ಯದ ಮೇಲೆ ನಿಂತಿದೆ.

ಕೊರೆದ ಕುಳಿಯೊಳಗೆ ಮದ್ದು ಸಿಡಿದಾಗ ಕ್ಷಣಾರ್ಧದಲ್ಲಿ ಹಲವು ಸಂಗತಿಗಳು ನಡೆದುಹೋಗುತ್ತವೆ. ಕುಳಿಗೆ ಅಂಟಿಕೊಂಡ ಕಲ್ಲು ಪುಡಿಯಾಗುತ್ತದೆ. ಅದರಾಚೆಗೆ ಒತ್ತಡದ ಅಲೆ ಸೆಕೆಂಡಿಗೆ ಕೆಲವು ಸಾವಿರ ಮೀಟರ್ ವೇಗದಲ್ಲಿ ಸುತ್ತಲೂ ಹರಡುತ್ತದೆ. ಹೊರಮುಖವಾಗಿ ತಳ್ಳಿಸಿಕೊಂಡ ಕಲ್ಲು ಸುತ್ತಳತೆಯಲ್ಲಿ ಹಿಗ್ಗಬೇಕಾಗುತ್ತದೆ. ಹಿಗ್ಗಲಾರದೆ ಗಾಡಿ ಚಕ್ರದ ಅರೆಕಾಲುಗಳ ಹಾಗೆ ಬಿರುಕುಬಿಡುತ್ತದೆ. ಅಲೆ ಬಂಡೆಯ ತೆರೆದ ಮುಖ ಮುಟ್ಟಿದಾಗ, ಮುಂದೆ ತಳ್ಳುವುದಕ್ಕೆ ಏನೂ ಇಲ್ಲದ್ದರಿಂದ, ಎಳೆತದ ಅಲೆಯಾಗಿ ಹಿಂದಿರುಗುತ್ತದೆ. ಕೊನೆಗೆ ಮದ್ದಿನಿಂದ ಹುಟ್ಟಿದ ಬಿಸಿ ಅನಿಲ ಬಿರುಕುಗಳೊಳಗೆ ನುಗ್ಗಿ, ಅವನ್ನು ಅಗಲಿಸಿ, ಒಡೆದ ಕಲ್ಲನ್ನು ಮುಂದಕ್ಕೆ ನೂಕುತ್ತದೆ.

ಈ ಒಂದೊಂದು ಹಂತಕ್ಕೂ ಹಿಡಿತದ ಒಂದೊಂದು ಕೀಲಿಯಿದೆ. ಕುಳಿಯ ವ್ಯಾಸವೆಷ್ಟು, ಮದ್ದಿನ ಕಡ್ಡಿಯ ವ್ಯಾಸವೆಷ್ಟು, ಎರಡರ ನಡುವೆ ಗಾಳಿಗೆ ಎಷ್ಟು ಜಾಗ ಬಿಟ್ಟಿದ್ದೀರಿ, ಕುಳಿಯಿಂದ ಕುಳಿಗೆ ಎಷ್ಟು ದೂರ, ಮೊದಲ ಸಾಲಿನಿಂದ ತೆರೆದ ಮುಖಕ್ಕೆ ಎಷ್ಟು ದೂರ, ಕುಳಿಯ ಬಾಯಿಗೆ ಎಷ್ಟು ಉದ್ದಕ್ಕೆ ಜಲ್ಲಿಪುಡಿ ತುಂಬಿದ್ದೀರಿ, ಯಾವ ಕುಳಿ ಮೊದಲು ಯಾವುದು ಆಮೇಲೆ. ಇವೆಲ್ಲ ಮನುಷ್ಯರು ಕಾಗದದ ಮೇಲೆ ಬರೆದು ತೀರ್ಮಾನಿಸುವ ಅಂಕಿಗಳು. ದೈವಕ್ಕೆ ಉಳಿಯುವುದು ಬಂಡೆಯೊಳಗಿನ ಹಳೆಯ ಸೀಳುಗಳು ಮಾತ್ರ. ಅವನ್ನೂ ಒಳ್ಳೆಯ ಭೂವಿಜ್ಞಾನಿ ಮುಂಚೆಯೇ ಬಂದು ಅಳೆದುಕೊಂಡು ಹೋಗಬಹುದು.

ಇದು ಪರದೇಶದಿಂದ ಬಂದ ವಿದ್ಯೆ ಎಂದು ಮೂಗು ಮುರಿಯುವವರು ಹಂಪಿಗೆ ಹೋಗಲಿ. ಅಲ್ಲಿನ ಬಂಡೆಗಳ ಅಂಚಿನಲ್ಲಿ ಒಂದೇ ಗೆರೆಯ ಮೇಲೆ, ಸಮ ಅಂತರದಲ್ಲಿ ತೋಡಿದ ಚಿಕ್ಕ ಚಿಕ್ಕ ಗುಳಿಗಳ ಸಾಲು ಕಾಣುತ್ತದೆ. ಕಲ್ಲುಕುಟಿಗರು ಆ ಗುಳಿಗಳಲ್ಲಿ ಬೆಣೆ ಹೊಡೆದು ಬಂಡೆ ಸೀಳುತ್ತಿದ್ದರು. ಬೆಣೆ ಕಲ್ಲನ್ನು ಅದುಮುವುದಿಲ್ಲ, ಎರಡು ಕಡೆಗೆ ಎಳೆಯುತ್ತದೆ. ಒಂದು ಗುಳಿಯಿಂದ ಹೊರಟ ಬಿರುಕು ಪಕ್ಕದ ಗುಳಿಯ ಬಿರುಕನ್ನು ಹುಡುಕಿಕೊಂಡು ಹೋಗಿ ಸೇರುತ್ತದೆ. ಎಲ್ಲ ಸೇರಿದಾಗ ಬಂಡೆ ಗೆರೆ ಎಳೆದ ಹಾಗೆ ಎರಡಾಗುತ್ತದೆ. ಅರ್ಧಕ್ಕೇ ಬಿಟ್ಟುಹೋದ ಗುಳಿಗಳನ್ನು ಇವತ್ತಿಗೂ ಅಲ್ಲಿ ನೋಡಬಹುದು. ಪ್ರವಾಸಿಗರು ಅವಕ್ಕೆ ಬೆನ್ನು ಕೊಟ್ಟು ಕಲ್ಲಿನ ರಥದ ಫೋಟೊ ತೆಗೆಯುತ್ತಾರೆ. ನನಗೆ ಆ ಗುಳಿಗಳ ಸಾಲು ರಥದಷ್ಟೇ ದೊಡ್ಡ ಕೃತಿ.

1950ರ ದಶಕದ ಕೊನೆಯಲ್ಲಿ ಅಮೆರಿಕದ ನಯಾಗರಾ ಜಲವಿದ್ಯುತ್ ಯೋಜನೆಯ ಎಂಜಿನಿಯರುಗಳು ಇದೇ ತತ್ವವನ್ನು ಮದ್ದಿನಿಂದ ಸಾಧಿಸಿದರು. ಅಗೆತದ ಅಂಚಿನ ಗೆರೆಯ ಮೇಲೆ ಹತ್ತಿರ ಹತ್ತಿರ ಕುಳಿ ಕೊರೆದು, ಕುಳಿಗಿಂತ ಸಣ್ಣ ವ್ಯಾಸದ ಹಗುರ ಮದ್ದು ಇಟ್ಟು, ಮುಖ್ಯ ಸಿಡಿತಕ್ಕೆ ಮುಂಚೆಯೇ ಆ ಸಾಲನ್ನು ಒಟ್ಟಿಗೆ ಸಿಡಿಸುವುದು. ಮದ್ದು ಮತ್ತು ಕಲ್ಲಿನ ನಡುವಿನ ಗಾಳಿ ಹೊಡೆತವನ್ನು ಮೆತ್ತಗೆ ಮಾಡುವುದರಿಂದ ಕುಳಿಯ ಗೋಡೆ ಪುಡಿಯಾಗುವುದಿಲ್ಲ. ಕುಳಿಯಿಂದ ಕುಳಿಗೆ ಒಂದು ತೆಳು ಸೀಳು ಮಾತ್ರ ಓಡುತ್ತದೆ. ಆಮೇಲೆ ದೊಡ್ಡ ಸಿಡಿತ ನಡೆದಾಗ ಅದರ ಬಿರುಕುಗಳು ಈ ಸೀಳಿನವರೆಗೆ ಬಂದು ಬಹುಪಾಲು ಅಲ್ಲೇ ನಿಲ್ಲುತ್ತವೆ. ಇದನ್ನು ಪ್ರಿಸ್ಪ್ಲಿಟ್ಟಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಮುಂಸೀಳು ಎನ್ನೋಣ. ಸುರಂಗಗಳಲ್ಲಿ ಇದರ ತಮ್ಮನಂಥ ಇನ್ನೊಂದು ವಿಧಾನ ಬಳಸುತ್ತಾರೆ. ಅಲ್ಲಿ ಅಂಚಿನ ಹಗುರ ಸಾಲು ಕೊನೆಗೆ ಸಿಡಿಯುತ್ತದೆ.

ಇದನ್ನು ಪರೀಕ್ಷಿಸಲು ಓದುಗರಿಗೆ ಯಾವ ಯಂತ್ರವೂ ಬೇಡ. ಹೆದ್ದಾರಿಗಾಗಿ ಬಂಡೆ ಕಡಿದ ಜಾಗದಲ್ಲಿ ಬಸ್ಸಿನ ಕಿಟಕಿಯಿಂದ ಗೋಡೆ ನೋಡಿ. ಮೇಲಿಂದ ಕೆಳಗೆ ಕೊಳವೆಯನ್ನು ಉದ್ದಕ್ಕೆ ಸೀಳಿ ಅಂಟಿಸಿದಂಥ ಅರೆಗುಳಿಗಳ ಸಾಲು ಕಂಡರೆ, ಅಲ್ಲಿ ಯಾರೋ ಕಲ್ಲಿನ ಬಗ್ಗೆ ಯೋಚಿಸಿ ಕೆಲಸ ಮಾಡಿದ್ದಾರೆ. ಗಟ್ಟಿ ಬಂಡೆಯಿದ್ದೂ ಗೋಡೆ ನಾಯಿ ಕಚ್ಚಿದ ರೊಟ್ಟಿಯ ಹಾಗಿದ್ದರೆ, ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವಾಗ ಜೋಪಾನ.

ಇನ್ನು ಅದುರಿನ ಮಾತು. ನೂರು ಕುಳಿಗಳಲ್ಲಿ ಮದ್ದು ತುಂಬಿ ಎಲ್ಲವನ್ನೂ ಒಂದೇ ಕ್ಷಣಕ್ಕೆ ಸಿಡಿಸಿದರೆ ನೂರು ಕುಳಿಗಳ ಅಲೆಗಳೂ ಒಂದಾಗಿ ಊರಿಗೆ ಬರುತ್ತವೆ. ಅದೇ ಕುಳಿಗಳ ನಡುವೆ 17, 25, 42 ಮಿಲಿಸೆಕೆಂಡುಗಳ ಅಂತರ ಕೊಟ್ಟರೆ ಅಲೆಗಳು ಒಂದರ ಬೆನ್ನ ಹಿಂದೆ ಒಂದು ಬರುತ್ತವೆ, ರಾಶಿ ಬೀಳುವುದಿಲ್ಲ. ಕಿವಿಗೆ ಎರಡೂ ಒಂದೇ ಸದ್ದು. ಗೋಡೆಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಾಗಿ ಊರಿನವರು ಕೇಳಬೇಕಾದ ಅಂಕಿ ಒಟ್ಟು ಎಷ್ಟು ಮದ್ದು ಇಟ್ಟಿರಿ ಎಂಬುದಕ್ಕಿಂತ, ಒಂದೇ ಕ್ಷಣಕ್ಕೆ ಹೆಚ್ಚೆಂದರೆ ಎಷ್ಟು ಕಿಲೊ ಸಿಡಿಯಿತು ಎಂಬುದು. ಇಂದಿನ ಎಲೆಕ್ಟ್ರಾನಿಕ್ ಡಿಟೊನೇಟರುಗಳಲ್ಲಿ ಈ ಅಂತರವನ್ನು ಒಂದೊಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ಕೂರಿಸಬಹುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮದ್ದಿನ ಶಕ್ತಿಯಲ್ಲಿ ಕಲ್ಲು ಒಡೆಯಲು ಬಳಕೆಯಾಗುವುದು ಸಣ್ಣ ಪಾಲು. ಉಳಿದದ್ದು ಶಾಖವಾಗಿ, ಸದ್ದಾಗಿ, ದೂಳಾಗಿ, ನೆಲದ ಕಂಪನವಾಗಿ ಹೋಗುತ್ತದೆ. ಕುಳಿಯಿಂದ ತೆರೆದ ಮುಖದವರೆಗಿನ ಕಲ್ಲಿನ ದಪ್ಪಕ್ಕೆ ನಮ್ಮ ಶಾಸ್ತ್ರದಲ್ಲಿ ಬರ್ಡನ್ ಎಂಬ ಹೆಸರಿದೆ, ಅಂದರೆ ಹೊರೆ. ಹೊರೆ ಕಡಿಮೆಯಾದರೆ ಕಲ್ಲು ಊರಿನತ್ತ ಹಾರುತ್ತದೆ. ಹೊರೆ ಅತಿಯಾದರೆ ಮದ್ದಿಗೆ ಕಲ್ಲನ್ನು ನೂಕಲಾಗದೆ ಅದರ ಸಿಟ್ಟೆಲ್ಲ ನೆಲಕ್ಕಿಳಿಯುತ್ತದೆ. ಅಂದರೆ ನಿಮ್ಮ ಮನೆಯ ಪಾತ್ರೆ ಗಲಗಲ ಎಂದಾಗ ಅಲ್ಲಿ ಅಭಿವೃದ್ಧಿಯ ಗಾಲಿ ಉರುಳುತ್ತಿದೆ ಎಂದು ಭಾವಿಸಬೇಡಿ. ಕಲ್ಲು ಒಡೆಯಬೇಕಾದ ಶಕ್ತಿ ಪೋಲಾಗಿ ನಿಮ್ಮ ಅಡುಗೆಮನೆಗೆ ಬಂದಿದೆ. ತಮ್ಮ ಹೊರೆಯ ಲೆಕ್ಕ ತಪ್ಪಿದವರು ಅದನ್ನು ನಿಮ್ಮ ತಲೆಗೆ ದಾಟಿಸಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಮಾಡುವುದಿಲ್ಲ? ಮಾಡುತ್ತಾರೆ, ಕಲ್ಲಿಗೆ ಅಥವಾ ಕಟ್ಟಡಕ್ಕೆ ಬೆಲೆಯಿದ್ದಲ್ಲಿ ಮಾಡುತ್ತಾರೆ. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತಿ ಪರದೇಶಕ್ಕೆ ಹೋಗುವ ಸರಕು. ಅದರಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕೊಳ್ಳುವವರು ಮುಟ್ಟುವುದಿಲ್ಲ. ಆದ್ದರಿಂದ ಅಂಥ ಕ್ವಾರಿಗಳಲ್ಲಿ ವಜ್ರದ ಮಣಿ ಪೋಣಿಸಿದ ತಂತಿಯಿಂದ ಬಂಡೆಯನ್ನು ಬೆಣ್ಣೆಯ ಹಾಗೆ ಕೊಯ್ಯುತ್ತಾರೆ. ಬೆಂಗಳೂರಿನಲ್ಲಿ ಮೆಟ್ರೊದ ನೆಲದಡಿಯ ನಿಲ್ದಾಣಗಳಿಗಾಗಿ ಗಟ್ಟಿ ಬಂಡೆ ತೆಗೆಯಬೇಕಾದಾಗ, ನಗರದ ನಟ್ಟನಡುವೆ, ನಿಯಂತ್ರಿತ ಸ್ಫೋಟದಿಂದಲೇ ತೆಗೆದರು. ಬಸ್ಸುಗಳು ಓಡಾಡುತ್ತಲೇ ಇದ್ದವು. ಇದೇ ರಾಜ್ಯದಲ್ಲಿ ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆ ತಾನಾಗಿಯೇ ಸಿಡಿಯುವ ಅವಘಡಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ನಮ್ಮಲ್ಲಿ ತಿಳಿವಳಿಕೆಗೆ ಬರವಿಲ್ಲ.

ಆದರೆ ಜಲ್ಲಿ ಕ್ವಾರಿಯ ಕಲ್ಲಿಗೆ ಹೇಗೂ ಕ್ರಷರಿನ ಬಾಯಿಗೆ ಬೀಳುವ ಹಣೆಬರಹ. ಪಕ್ಕದ ಊರಿನ ಗೋಡೆಗೆ ಮಾರುಕಟ್ಟೆಯಲ್ಲಿ ದರವಿಲ್ಲ. ಅಂಚಿನಲ್ಲಿ ಹೆಚ್ಚು ಕುಳಿ ಕೊರೆದರೆ ಡೀಸೆಲ್ ಖರ್ಚು, ಒಳ್ಳೆಯ ಡಿಟೊನೇಟರಿಗೆ ಖರ್ಚು, ಒಂದು ದೊಡ್ಡ ಸಿಡಿತದ ಬದಲು ನಾಲ್ಕು ಸಣ್ಣ ಸಿಡಿತ ಮಾಡಿದರೆ ಸಮಯದ ಖರ್ಚು. ಉಳಿಸಿದ ಈ ಹಣ ಗಾಳಿಯಲ್ಲಿ ಮಾಯವಾಗುವುದಿಲ್ಲ. ಊರಿನವರು ಸಿಮೆಂಟು ತಂದು ಗೋಡೆಗೆ ಮೆತ್ತುವಾಗ ಅದನ್ನು ಕಟ್ಟುತ್ತಾರೆ. ನಿಯಂತ್ರಣ ದುಬಾರಿ ಎನ್ನುವವರು ಈ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ ಮಾತಾಡಲಿ.

"ಕಂಪನ ಮಿತಿಯೊಳಗೇ ಇದೆ" ಎಂಬುದು ಇದಕ್ಕೆ ಸಿದ್ಧವಾಗಿರುವ ಉತ್ತರ. ಯಾವ ಮಿತಿ? ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗಣಿಯ ಒಡೆತನಕ್ಕೆ ಸೇರದ ಸಾಮಾನ್ಯ ಮನೆಗಳ ಬಳಿ ನೆಲದ ಕಣಗಳ ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ. ಆವರ್ತನ 8ರಿಂದ 25ರವರೆಗೆ ಇದ್ದರೆ 10 ಮಿಲಿಮೀಟರ್, ಅದಕ್ಕೂ ಮೇಲಿದ್ದರೆ 15. ಸ್ಮಾರಕಗಳಿಗೆ ಇದೇ ಕ್ರಮದಲ್ಲಿ 2, 5 ಮತ್ತು 10. ಒಂದೇ ಮನೆಗೆ ಮೂರು ಮಿತಿ ಯಾಕೆ? ನಿಧಾನವಾಗಿ ತೂಗುವ ನೆಲ ಮನೆಯ ಸ್ವಂತ ತೂಗಾಟಕ್ಕೆ ತಾಳ ಹಾಕುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಅದು ಮೇಲೇರುವ ಹಾಗೆ. ಆಳದ ಮಣ್ಣಿನ ಮೇಲೆ, ಕ್ವಾರಿಯಿಂದ ದೂರದಲ್ಲಿರುವ ಮನೆಗೆ ಇಂಥ ನಿಧಾನದ ಅಲೆಯೇ ಹೆಚ್ಚಾಗಿ ತಲುಪುತ್ತದೆ. ಆದ್ದರಿಂದ ಆವರ್ತನ ಹೇಳದೆ "12 ಬಂದಿದೆ, ಮಿತಿಯೊಳಗಿದೆ" ಎಂದರೆ ಅದು ಅರ್ಧ ವಾಕ್ಯ. ಉಳಿದರ್ಧದಲ್ಲಿ ಅದು ಮಿತಿಯ ಎರಡು ಪಟ್ಟಿಗೂ ಹೆಚ್ಚಾಗಿರಬಹುದು.

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ಮನುಷ್ಯನ ದೇಹ ಈ ಮಿತಿಗಳಿಗಿಂತ ಎಷ್ಟೋ ಕಡಿಮೆ ಕಂಪನವನ್ನೂ ಗುರುತಿಸುತ್ತದೆ, ಆದ್ದರಿಂದ ಅದುರಿದ್ದೆಲ್ಲ ಗೋಡೆಗೆ ಹಾನಿಯಲ್ಲ. ಎರೆಮಣ್ಣಿನ ಮೇಲಿನ ಮನೆ ಕ್ವಾರಿಯೇ ಇಲ್ಲದಿದ್ದರೂ ಬೇಸಿಗೆಯಲ್ಲಿ ಬಿರುಕುಬಿಡುತ್ತದೆ. ಎಲ್ಲ ಬಿರುಕೂ ಸಿಡಿತದ್ದಲ್ಲ. ಯಾವುದು ಯಾವುದರದ್ದು ಎಂದು ತಿಳಿಯುವ ದಾರಿ ಒಂದೇ: ಸಿಡಿತ ಶುರುವಾಗುವ ಮುಂಚೆ ಪ್ರತಿ ಮನೆಯ ಗೋಡೆಯ ಸ್ಥಿತಿಯನ್ನು ಫೋಟೊ ಸಮೇತ ದಾಖಲಿಸಿಕೊಳ್ಳುವುದು. ಆ ದಾಖಲೆ ಇಲ್ಲದಿರುವಾಗ ಬಿರುಕು ಮೊದಲೇ ಇರಲಿಲ್ಲ ಎಂದು ಸಾಬೀತು ಮಾಡುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ಇಲ್ಲದಿದ್ದ ಬಿರುಕಿಗೆ ಯಾರು ಎಲ್ಲಿಂದ ಸಾಕ್ಷಿ ತರಬೇಕು?

ಒಂದು ಊರಿನಲ್ಲಿ ಕಂಪನ ಅಳೆಯುವ ತಂಡದ ಜೊತೆ ನಾನು ಕೆಲವು ದಿನ ಇದ್ದೆ. ಒಂದು ಮನೆಯ ಹಿತ್ತಿಲಲ್ಲಿ ಯಂತ್ರ ಇಟ್ಟಿದ್ದೆವು. ಸಿಡಿತ ಮುಗಿದ ಮೇಲೆ ಆ ಮನೆಯ ಅಜ್ಜಿ ಬಂದು, "ಏನಂತದವ್ವ ನಿನ್ ಪೆಟ್ಟಿಗೆ?" ಎಂದು ಕೇಳಿದರು. ಪೆಟ್ಟಿಗೆ ಹೇಳಿದ ಅಂಕಿ ನನ್ನ ಕಣ್ಣೆದುರೇ ಇತ್ತು. ಹೇಳುವಂತಿರಲಿಲ್ಲ. ಅಳತೆಗೆ ಹಣ ಕೊಟ್ಟ ಕಂಪನಿಯ ಕರಾರಿನಂತೆ ವರದಿ ಅವರ ಸ್ವತ್ತು. ನೆಲ ಅಜ್ಜಿಯದು, ಗೋಡೆ ಅಜ್ಜಿಯದು, ಅದುರಿದ್ದು ಅವರ ಮನೆ. ಅದುರಿನ ಅಂಕಿ ಮಾತ್ರ ಬೇರೆಯವರದು. ವರದಿ ಕೈಗೆ ಸಿಕ್ಕಿದ್ದರೂ ಅದು ಇಂಗ್ಲಿಷಿನಲ್ಲಿತ್ತು. ಈ ವಿದ್ಯೆ ಯಾರ ಕಡೆಗಿದೆ ಎಂದು ತಿಳಿಯುವುದಕ್ಕೆ ನನಗೆ ಬೇರೆ ಅಧ್ಯಯನ ಬೇಕಾಗಲಿಲ್ಲ.

ಬೇಬಿ ಬೆಟ್ಟದ ಗದ್ದಲವನ್ನೂ ಈ ಬೆಳಕಿನಲ್ಲಿ ನೋಡಬೇಕು. ಪಾಂಡವಪುರ ತಾಲ್ಲೂಕಿನ ಈ ಬೆಟ್ಟದ ಗಣಿಗಾರಿಕೆಯಿಂದ ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವಿದೆಯೇ ಎಂದು ತಿಳಿಯಲು ಪ್ರಾಯೋಗಿಕ ಸ್ಫೋಟ ಮಾಡಬೇಕೆಂಬ ಪ್ರಸ್ತಾಪ 2022ರಲ್ಲೂ 2024ರಲ್ಲೂ ಬಂತು. ಎರಡೂ ಸಲ ರೈತರು ಬೀದಿಗಿಳಿದು ವಿರೋಧಿಸಿದರು. ಆಗ ಓದಿಕೊಂಡವರ ವಲಯದಲ್ಲಿ, "ವಿಜ್ಞಾನಿಗಳು ಪರೀಕ್ಷೆ ಮಾಡುತ್ತೇವೆಂದರೂ ಬಿಡುವುದಿಲ್ಲವಲ್ಲ, ಎಂಥ ಮೌಢ್ಯ" ಎಂಬ ಮಾತು ಕೇಳಿಬಂತು. ನನ್ನ ಪ್ರಕಾರ ರೈತರ ಅನುಮಾನವೇ ಹೆಚ್ಚು ವೈಜ್ಞಾನಿಕ. ಪ್ರಾಯೋಗಿಕ ಸ್ಫೋಟವನ್ನು ತಜ್ಞರು ನಿಂತು, ಕುಳಿ ಅಳೆದು, ಮದ್ದು ತೂಗಿ, ಮಿಲಿಸೆಕೆಂಡ್ ಎಣಿಸಿ ಮಾಡುತ್ತಾರೆ. ಅದರ ಫಲಿತಾಂಶದಿಂದ ಗೊತ್ತಾಗುವುದು ಆ ದಿನದ ಆ ಎಚ್ಚರಿಕೆಯ ಪರಿಣಾಮ. ತಜ್ಞರು ಕಾರು ಹತ್ತಿ ಹೋದ ಮೇಲೆ, ಮುಂದಿನ ತಿಂಗಳು ಸಂಜೆ ನಾಲ್ಕಕ್ಕೆ ಅವಸರದಲ್ಲಿ ನಡೆಯುವ ಸಿಡಿತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅಳೆಯಬೇಕಾದದ್ದು ದಿನನಿತ್ಯದ ಸಿಡಿತವನ್ನು, ಮುನ್ಸೂಚನೆಯಿಲ್ಲದೆ, ವರ್ಷವಿಡೀ. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಹೇಳಿತು. ಕೆಲವು ಕಡೆ ಸರಿಯಾದ ನಿಯಂತ್ರಣವೆಂದರೆ ಸಿಡಿಸದಿರುವುದೇ. ನಿಯಂತ್ರಿಸುವ ವಿದ್ಯೆಯಿದೆ ಎಂಬುದು ಎಲ್ಲೆಂದರಲ್ಲಿ ಕೊರೆಯಲು ಪರವಾನಗಿಯಾಗುವುದಿಲ್ಲ.

ಬಂಡೆಯ ಬಳಿಗೆ ಹೋಗುವ ಮುಂಚೆಯೇ ಮದ್ದು ಜನರನ್ನು ಕೊಂದದ್ದೂ ಇದೆ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತರು. ಮರುತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಲಾಭದ ಲೆಕ್ಕ ಮಾಡುವವರು ಮದ್ದಿನ ಹತ್ತಿರ ಸುಳಿಯುವುದಿಲ್ಲ.

ಕೊನೆಗೆ ನಮ್ಮ ಬಳಗದ ಬಗ್ಗೆ, ಅಂದರೆ ಈ ಪುಟ ಓದುವವರ ಬಗ್ಗೆ. ಡೈನಮೈಟ್ ಎಂಬ ಪದ ನಮ್ಮ ಬರವಣಿಗೆಯಲ್ಲಿ ಎರಡೇ ಕೆಲಸ ಮಾಡುತ್ತದೆ. ಒಂದೋ ಅದು ಕ್ರಾಂತಿಯ ರೂಪಕ, ಇಲ್ಲವೇ ಪ್ರಕೃತಿಯ ಮೇಲಿನ ಅತ್ಯಾಚಾರದ ರೂಪಕ. ಎರಡರಲ್ಲೂ ಸಿಡಿತವೆಂದರೆ ರೋಷ, ಉನ್ಮಾದ, ಅಳತೆ ಮೀರಿದ್ದು. ಈ ರೂಪಕ ಕ್ವಾರಿ ಮಾಲೀಕರಿಗೆ ಎಷ್ಟು ಅನುಕೂಲ ಎಂದು ಯಾರಾದರೂ ಯೋಚಿಸಿದ್ದೇವೆಯೇ? ಅಳತೆ ಮೀರಿದ್ದಕ್ಕೆ ಅಳತೆ ಕೇಳುವಂತಿಲ್ಲ. ನಾವು ಮರುಗಿ ಬರೆದ ಸಾಲೂ ಅವರು ನುಣುಚಿಕೊಳ್ಳಲು ಹೇಳುವ ಮಾತೂ ಒಂದೇ ಆಗಿಬಿಡುತ್ತದೆ. ಬಂಡೆ ಅಳುತ್ತಿದೆ ಎಂದು ಬರೆಯುವುದಕ್ಕಿಂತ, ಒಂದು ಕ್ಷಣಕ್ಕೆ ಎಷ್ಟು ಕಿಲೊ ಸಿಡಿಸಿದಿರಿ ಎಂದು ಕೇಳುವ ಒಂದು ಕನ್ನಡ ವಾಕ್ಯ ಆ ಅಜ್ಜಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಂಥ ವಾಕ್ಯಗಳನ್ನು ಕಟ್ಟುವುದು ಭಾಷೆ ಬಲ್ಲವರ ಕೆಲಸವೂ ಹೌದು. ಸಿಡಿತದ ಯೋಜನೆ, ಮದ್ದಿನ ತೂಕ, ಕುಳಿಗಳ ನಡುವಿನ ಸಮಯದ ಅಂತರ, ಕಂಪನದ ವೇಗ ಮತ್ತು ಆವರ್ತನ, ಇಷ್ಟೂ ಪ್ರತಿ ಸಿಡಿತದ ನಂತರ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ಸಿಡಿತಕ್ಕೆ ಮುಂಚೆ ಮನೆಮನೆಯ ಗೋಡೆಯ ದಾಖಲೆಯಾಗಿ, ಅದರ ಒಂದು ಪ್ರತಿ ಆ ಮನೆಯವರ ಕೈಯಲ್ಲಿರಬೇಕು. ಅಳೆಯುವವರಿಗೆ ಹಣ ಕೊಡುವುದು ಕ್ವಾರಿಯವರಾದರೂ ಅಳತೆ ಊರಿನದಾಗಿರಬೇಕು. ಈ ಯಾವುದಕ್ಕೂ ಹೊಸ ವಿಜ್ಞಾನ ಬೇಡ. ಹಂಪಿಯ ಕಲ್ಲುಕುಟಿಗ ಉಳಿ ಎತ್ತುವ ಮುಂಚೆ ಬಂಡೆಯ ಮೇಲೆ ಗೆರೆ ಎಳೆದುಕೊಂಡ. ಅದಕ್ಕಿಂತ ನೂರು ಪಟ್ಟು ಸಲಕರಣೆ ಇಟ್ಟುಕೊಂಡವರು ಗೆರೆ ಎಲ್ಲಿ ಎಳೆದಿದ್ದಾರೆ ಎಂದು ತೋರಿಸಲಿ. ತೋರಿಸುವವರೆಗೂ ಮದ್ದು ತುಂಬುವುದು ಬೇಡ.